ಹಾಳೆ ಮುಗಿದರೂ ಗೋಡೆ ಮುಗಿಯದು

ನವೆಂಬರ್ 10, 2024, ರವಿವಾರ

ಊಟದ ಮೇಜು ಸದ್ಯಕ್ಕೆ ಊಟಕ್ಕಿಲ್ಲ. ಅಕ್ಕನ ಮಗಳು ಅದರ ಮೇಲೆ ದೊಡ್ಡ ಹಾಳೆಯೊಂದನ್ನು ಹಾಸಿ, ಮೂಲೆಗಳಿಗೆ ಉಪ್ಪಿನಕಾಯಿ ಜಾಡಿ, ಸ್ಟೀಲ್ ಲೋಟ ಹೇರಿದ್ದಾಳೆ. ನಾವು ತಟ್ಟೆ ಹಿಡಿದು ಸೋಫಾ ಸೇರಿದ್ದೇವೆ. ಆರ್ಕಿಟೆಕ್ಚರ್ ಮೂರನೇ ವರ್ಷ ಅವಳದು. ಈ ಸಲ ಸ್ಟುಡಿಯೋದಲ್ಲಿ ಕೊಟ್ಟ ಕೆಲಸ ಹೀಗಿದೆ: ಎಂದೂ ಕಟ್ಟದೆ ಕಾಗದದಲ್ಲೇ ಉಳಿದ ಮನೆಯೊಂದನ್ನು ಆರಿಸಿಕೊಳ್ಳಬೇಕು, ಅದರ ಮಾಡೆಲ್ ಮಾಡಬೇಕು, ಹೈದರಾಬಾದಿನ ನೆಲದ ಮೇಲೆ ಅದನ್ನು ನಿಲ್ಲಿಸಿದರೆ ಏನಾಗುತ್ತದೆ ಎಂದು ತೋರಿಸಬೇಕು.

ಅವಳು ಆರಿಸಿದ್ದು ಜರ್ಮನ್ ಆರ್ಕಿಟೆಕ್ಟ್ ಮೀಸ್ ವಾನ್ ಡೆರ್ ರೋ ಬರೆದ ಇಟ್ಟಿಗೆ ಮನೆ. ಊರಾಚೆಯ ಬಯಲಿಗೆಂದು ಕಲ್ಪಿಸಿದ್ದು. 1924ರಲ್ಲಿ ಬರ್ಲಿನ್ನಿನ ದೊಡ್ಡ ಕಲಾಪ್ರದರ್ಶನದಲ್ಲಿ ಜನ ಅದನ್ನು ನೋಡಿದರು, ಅಷ್ಟೇ. ಉಳಿದಿರುವುದು ಒಂದು ಪ್ಲಾನು, ಒಂದು ಹೊರನೋಟದ ಚಿತ್ರ. ಅವುಗಳ ಮೂಲಪ್ರತಿಯೂ ಕಳೆದುಹೋಗಿ, ಈಗ ಜಗತ್ತಿನ ಕೈಯಲ್ಲಿರುವುದು ಫೋಟೋ ಮಾತ್ರ. ಎರಡು ಫೋಟೋಗಳ ಬಲದ ಮೇಲೆ ಒಂದು ಮನೆ ನೂರು ವರ್ಷ ಪಾಠವಾಗಿ ಉಳಿದುಕೊಂಡಿದೆ. ನಾವು ಕಟ್ಟಿದ ಬಿಲ್ಡಿಂಗುಗಳ ಹೆಸರು ಹತ್ತು ವರ್ಷಕ್ಕೇ ಬದಲಾಗುತ್ತದೆ.

ಪ್ಲಾನಿನಲ್ಲಿ ಕಾಣುವುದು ದಪ್ಪ ಕಪ್ಪು ಗೆರೆಗಳು. ಕೆಲವು ನೆಟ್ಟಗೆ, ಕೆಲವು ಮೂಲೆ ತಿರುಗಿವೆ, ಕೆಲವು ಒಂದಕ್ಕೊಂದು ಅಡ್ಡ ನಿಂತಿವೆ. ಎಲ್ಲೂ ನಾಲ್ಕು ಗೋಡೆ ಕೂಡಿ ಒಂದು ಕೋಣೆ ಆಗಿಲ್ಲ. ಒಂದು ಗೋಡೆಯ ತುದಿ ಬಳಸಿ ನಡೆದರೆ ಇನ್ನೊಂದು ಜಾಗ, ಅದರ ತುದಿ ಬಳಸಿದರೆ ಮತ್ತೊಂದು. ನಡುವಿನ ಸಂದುಗಳಿಗೆ ನೆಲದಿಂದ ಮಾಡಿನವರೆಗೆ ಗಾಜು. ವಾಸದ ಜಾಗ ಒಂದು ಕಡೆ, ಮನೆಗೆಲಸದ ಜಾಗ ಒಂದು ಕಡೆ ಎಂದು ಬರೆದದ್ದು ಬಿಟ್ಟರೆ ಹಾಸಿಗೆ ಎಲ್ಲಿ, ಒಲೆ ಎಲ್ಲಿ ಎಂಬ ಸುದ್ದಿಯೇ ಇಲ್ಲ. ಇಷ್ಟಾದರೂ ಹೇಗೋ ಒಪ್ಪಿಕೊಳ್ಳಬಹುದಿತ್ತು. ಆದರೆ ಮೂರು ಗೋಡೆಗಳು ಮನೆಯನ್ನೇ ಬಿಟ್ಟು ಮೂರು ದಿಕ್ಕಿಗೆ ಹೊರಟುಬಿಟ್ಟಿವೆ. ಹಾಳೆಯ ಅಂಚಿನವರೆಗೂ ಹೋಗುತ್ತವೆ.

‘ಎಷ್ಟು ಉದ್ದ ಇವು?’ ಎಂದು ಕೇಳಿದೆ.

‘ಗೊತ್ತಿಲ್ಲ ಮಾಮಾ. ಹಾಳಿ ಮುಗೀತದ, ಗ್ವಾಡಿ ಮುಗಿಯಂಗಿಲ್ಲ.’

ಸೈಟಿನಲ್ಲಿ ನಿಂತೇ ತಲೆ ಹಣ್ಣಾದವನು ನಾನು. ಉದ್ದ ಗೊತ್ತಿಲ್ಲದ ಗೋಡೆಗೆ ಎಸ್ಟಿಮೇಟ್ ಹಾಕುವುದು ಹೇಗೆ? ಎಷ್ಟು ಇಟ್ಟಿಗೆ, ಎಷ್ಟು ಸಿಮೆಂಟ್, ಎಷ್ಟು ದಿನದ ಕೂಲಿ? ಗೋಡೆಯನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಕಟ್ಟುವವನ ಮೊದಲ ತೀರ್ಮಾನ. ಈ ಮಹಾರಾಯ ಆ ಒಂದು ತೀರ್ಮಾನವನ್ನೇ ಮುಂದಕ್ಕೆ ಹಾಕಿದ್ದಾನೆ. ಚಿತ್ರ ಚೆಂದ ಕಾಣುವುದೂ ಅದರಿಂದಲೇ ಇರಬಹುದು ಎಂಬ ಗುಮಾನಿ.

ನವೆಂಬರ್ 13, ಬುಧವಾರ

ಸೈಟಿನಲ್ಲಿ ಇವತ್ತು ಹನ್ನೊಂದನೇ ಸ್ಲ್ಯಾಬಿನ ಶಟರಿಂಗ್. ಮೈವಾನ್ ಕೆಲಸ, ಅಲ್ಯೂಮಿನಿಯಂ ಹಲಗೆ ಜೋಡಿಸಿ ಗೋಡೆ, ಸ್ಲ್ಯಾಬು ಎರಡನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರೆಯುವುದು. ಇಡೀ ಟವರಿನ ಮನೆಗಳಲ್ಲಿ ಹುಡುಕಿದರೂ ಒಂದು ಕೆಂಪು ಇಟ್ಟಿಗೆ ಸಿಗುವುದಿಲ್ಲ. ಸೆಕ್ಯುರಿಟಿಯವನು ಚಹಾ ಕಾಯಿಸಲು ಮೂರು ಇಟ್ಟಿಗೆ ಇಟ್ಟುಕೊಂಡಿದ್ದಾನೆ. ಅವೂ ಹಾರುಬೂದಿಯವು.

ರಾತ್ರಿ ಹುಡುಗಿಯ ಪುಸ್ತಕ ತೆಗೆದುಕೊಂಡು ಕೂತೆ. ಮೀಸ್ ಹುಟ್ಟಿದ್ದು 1886ರಲ್ಲಿ ಆಕೆನ್ ಪಟ್ಟಣದಲ್ಲಿ, ಕಲ್ಲುಕುಟಿಗನ ಮಗನಾಗಿ. ಆಮೇಲೆ ಅಮೆರಿಕಕ್ಕೆ ಹೋಗಿ ಗಾಜು, ಉಕ್ಕಿನ ದೊಡ್ಡ ದೊಡ್ಡ ಕಟ್ಟಡ ಎಬ್ಬಿಸಿದವನು ಅಂತ ಎಲ್ಲರಿಗೂ ಗೊತ್ತು. ಇಟ್ಟಿಗೆಯ ವಿಷಯದಲ್ಲಿ ಆತ ಎಂಥ ಗೀಳಿನವನು ಎಂದು ನನಗೆ ತಿಳಿದದ್ದು ಈಗ. ಮನೆಯ ಪ್ರತಿ ಅಳತೆಯೂ ಪೂರ್ತಿ ಇಟ್ಟಿಗೆಗಳ ಲೆಕ್ಕದಲ್ಲೇ ಬರಬೇಕು, ಎಲ್ಲೂ ಇಟ್ಟಿಗೆ ಒಡೆದು ತುಂಡು ಸೇರಿಸಬಾರದು. ಇನ್ನೂ ಒಂದು ಹೆಜ್ಜೆ ಮುಂದೆ: ಭಟ್ಟಿಯಲ್ಲಿ ಹೆಚ್ಚು ಬೆಂದ ಇಟ್ಟಿಗೆ ಕುಗ್ಗಿ ಚಿಕ್ಕದಾಗಿರುತ್ತದೆ, ಕಡಿಮೆ ಬೆಂದದ್ದು ತುಸು ಉದ್ದ ಉಳಿದಿರುತ್ತದೆ. ಕೆಲವು ಸಲ ಈ ಎರಡನ್ನೂ ಬೇರೆ ಬೇರೆ ಆರಿಸಿಡಿಸಿ, ಉದ್ದದವನ್ನು ಮನೆಯ ಒಂದು ದಿಕ್ಕಿನ ಗೋಡೆಗೆ, ಗಿಡ್ಡವನ್ನು ಇನ್ನೊಂದು ದಿಕ್ಕಿಗೆ ಹಾಕಿಸುತ್ತಿದ್ದನಂತೆ. ಅಮೆರಿಕದ ಆರ್ಕಿಟೆಕ್ಟ್ ಫಿಲಿಪ್ ಜಾನ್ಸನ್ ಹೀಗೆಂದು ಬರೆದಿಟ್ಟಿದ್ದಾನೆ. ನಮ್ಮ ಪಾಲಮೂರು ಮೇಸ್ತ್ರಿಗೆ ಹೀಗೆ ಆರಿಸಲು ಹೇಳಿದರೆ ಆ ದಿನವೇ ಊರಿಗೆ ಬಸ್ಸು ಹತ್ತುತ್ತಾನೆ.

ಇಟ್ಟಿಗೆ ಇಟ್ಟಿಗೆಯೂ ಕಾಣುವ ಹಾಗೆ ಬರೆದ ಇನ್ನೊಂದು ಪ್ಲಾನು ಇದೆ, ಹುಡುಗಿ ಹಾಸಿರುವುದು ಅದನ್ನೇ. ಅದು 1924ರದ್ದಲ್ಲ, 1960ರ ದಶಕದಲ್ಲಿ ಮೀಸ್ ಬಗೆಗಿನ ವರ್ನರ್ ಬ್ಲಾಸರ್‌ನ ಪುಸ್ತಕಕ್ಕಾಗಿ ಹೊಸದಾಗಿ ಬರೆದದ್ದು. ಹಾಗಿದ್ದರೂ ನಮಗೆ ಅನುಕೂಲವೇ, ಇಟ್ಟಿಗೆ ಎಣಿಸಿ ಅಳತೆ ಹಿಡಿಯಬಹುದು. ಆದರೆ ಯಾವ ಇಟ್ಟಿಗೆ? ಆಗಿನ ಜರ್ಮನ್ ಇಟ್ಟಿಗೆ 25 ಸೆಂಟಿಮೀಟರ್ ಉದ್ದ, 12 ಅಗಲ. ನಮ್ಮ ಐಎಸ್ ಇಟ್ಟಿಗೆ 19ಕ್ಕೆ 9. ಅದೇ ಎಣಿಕೆಯಲ್ಲಿ ನಮ್ಮ ಇಟ್ಟಿಗೆಯಿಂದ ಕಟ್ಟಿದರೆ ಇಡೀ ಮನೆ ಕಾಲು ಭಾಗ ಕುಗ್ಗುತ್ತದೆ. ಬಾಗಿಲಿನ ಎತ್ತರ, ಮನುಷ್ಯನ ಭುಜ ಮಾತ್ರ ಹಾಗೆಯೇ ಇರುತ್ತವೆ. ಹೇಳಿದೆ. ಅವಳಿಗೆ ತಲೆನೋವು ಬಂತು. ಕೊನೆಗೆ ಜರ್ಮನ್ ಅಳತೆಯೇ ಗಟ್ಟಿ ಆಯಿತು.

ನವೆಂಬರ್ 17, ರವಿವಾರ

ಮೌಂಟ್ ಬೋರ್ಡು ಕತ್ತರಿಸಿ, ಫೆವಿಕಾಲ್ ಹಚ್ಚಿ ಮೊದಲ ಕಚ್ಚಾ ಮಾಡೆಲ್. ಗೋಡೆಗಳೆಲ್ಲ ನಿಂತ ಮೇಲೆ ಹೊರನೋಟದ ಚಿತ್ರ ಪಕ್ಕಕ್ಕೆ ಇಟ್ಟು, ಮೊಬೈಲ್ ಕ್ಯಾಮೆರಾ ಅದೇ ಕೋನದಲ್ಲಿ ಹಿಡಿದು ನೋಡಿದಳು. ತಾಳೆ ಆಗಲಿಲ್ಲ. ಚಿತ್ರದಲ್ಲಿ ಕಾಣುವ ಒಂದೆರಡು ಗೋಡೆ ಪ್ಲಾನಿನಲ್ಲಿ ಇರುವ ಜಾಗದಲ್ಲಿಲ್ಲ. ನಮ್ಮದೇ ಕತ್ತರಿಯ ತಪ್ಪು ಎಂದು ಮತ್ತೆ ಅಳೆದೆವು. ಆಮೇಲೆ ಓದಿದರೆ ಇದು ಪಂಡಿತರಿಗೆಲ್ಲ ಗೊತ್ತಿರುವ ಸಂಗತಿ, ಪ್ಲಾನಿಗೂ ಹೊರನೋಟಕ್ಕೂ ಪೂರ್ತಿ ಹೊಂದಾಣಿಕೆ ಇಲ್ಲ. ಸೈಟಿನಲ್ಲಿ ಇಂಥದ್ದಾದರೆ ಆರ್ಕಿಟೆಕ್ಟಿಗೆ ಕಾಗದ ಬರೆದು, ಉತ್ತರ ಬರುವವರೆಗೆ ಕೆಲಸ ನಿಲ್ಲಿಸುತ್ತೇವೆ. ಇಲ್ಲಿ ಯಾರಿಗೆ ಬರೆಯೋಣ, ಆತ 1969ರಲ್ಲೇ ತೀರಿಕೊಂಡ.

ಮಾಡಿನದು ಇನ್ನೊಂದು ರಗಳೆ. ಚಪ್ಪಟೆ ಮಾಡು, ಸ್ವಲ್ಪ ಭಾಗ ಎರಡಂತಸ್ತು. ಮೇಲಿನ ಅಂತಸ್ತಿನ ಪ್ಲಾನು ನಮ್ಮ ಕೈಯಲ್ಲಿಲ್ಲ, ಅದರ ಗೋಡೆಗಳಿಗೆ ಕೆಳಗೆ ಆಸರೆ ಎಲ್ಲಿದೆ ಎಂದು ಊಹಿಸಿಯೇ ಕೂರಿಸಬೇಕು. ನಾನು ಎರಡು ಕಡೆ ಬೀಮ್ ಸೂಚಿಸಿದೆ. ‘ಮಾಮಾ, ಬೀಮ್ ಕಂಡ್ರ ಮನಿ ಸಾಯ್ತದ’ ಎಂದಳು. ಸರಿ, ಸ್ಲ್ಯಾಬಿನ ದಪ್ಪದೊಳಗೇ ಅಡಗಿಸು ಎಂದೆ. ಎಲ್ಲ ಆರ್ಕಿಟೆಕ್ಟರೂ ಕೊನೆಗೆ ಇಂಜಿನಿಯರಿಂದ ಕೇಳುವುದು ಇದನ್ನೇ.

ಫೋಟೋ ತೆಗೆದು ಅಕ್ಕನಿಗೆ ಕಳಿಸಿದ್ದಳು. ಅಕ್ಕ ಬೀದರಿನಿಂದ ತಕ್ಷಣ ಫೋನ್ ಮಾಡಿದಳು. ಮಾಡೆಲ್ ಚೆಂದ ಆಗಿದೆಯೋ ಇಲ್ಲವೋ ಎಂಬ ಮಾತೇ ಇಲ್ಲ.

‘ಯಾರ ಮನಿ ಪಾಲಾಗ್ಯಾದೋ ಇದು?’

ನಾನು ನಕ್ಕುಬಿಟ್ಟೆ. ಫೋನ್ ಇಟ್ಟಮೇಲೆ ನಗು ನಿಂತಿತು. ಭಾಲ್ಕಿ ಕಡೆಯ ನಮ್ಮ ಊರಿನಲ್ಲಿ ಮನೆಯಿಂದ ಹೊರಬಿದ್ದು ಬಯಲಿಗೆ ಹೋಗುವ ಗೋಡೆ ಎಂದರೆ ಒಂದೇ ಅರ್ಥ. ಅಪ್ಪ, ದೊಡ್ಡಪ್ಪ ಬೇರೆಯಾದಾಗ ಎಬ್ಬಿಸಿದ ಗೋಡೆ ಪಡಸಾಲೆಯ ನಡುವೆ ಶುರುವಾಗಿ, ಅಂಗಳ ಸೀಳಿ, ಹಿತ್ತಲು ದಾಟಿ, ದನದ ಕೊಟ್ಟಿಗೆಯ ಗೋದಲಿಯನ್ನೂ ಎರಡು ಮಾಡಿ, ಬಾವಿಯ ಕಟ್ಟೆಗೆ ಬಂದು ನಿಂತಿತ್ತು. ಬಾವಿಯೊಳಗೆ ಗೋಡೆ ಇಳಿಸಲಾಗುವುದಿಲ್ಲವಲ್ಲ, ಅಲ್ಲಿ ಒಂದು ಅಡ್ಡಪಟ್ಟಿ ಕಲ್ಲು ಹಾಸಿದರು. ಆ ಕಡೆ ಅವರ ಗಡಗಡಿ, ಈ ಕಡೆ ನಮ್ಮದು. ಅಮ್ಮ ಮತ್ತು ದೊಡ್ಡಮ್ಮ ಮಾತು ಬಿಟ್ಟ ವರ್ಷಗಳಲ್ಲೂ ಎರಡು ಕೊಡಗಳು ಒಂದೇ ನೀರಿಗೆ ಇಳಿಯುತ್ತಿದ್ದವು. ಮಣ್ಣಿನ ಗೋಡೆ, ಮೇಲೆ ಮಳೆ ತಡೆಯಲು ತೊಗರಿಕಟ್ಟಿಗೆ ಹೊದಿಸಿ ಮಣ್ಣು ಮೆತ್ತಿದ್ದು. ಪ್ರತಿ ಬೇಸಿಗೆಯಲ್ಲಿ ಎರಡೂ ಕಡೆಯವರು ತಮ್ಮ ತಮ್ಮ ಮೈಯನ್ನಷ್ಟೇ ಸಾರಿಸುತ್ತಿದ್ದರು.

ಬರ್ಲಿನ್ನಿನವನಿಗೆ ಗೋಡೆ ಹೊರಗೆ ಹೊರಟಿತೆಂದರೆ ಮನೆ ಬಯಲಿನೊಂದಿಗೆ ಕೂಡಿಕೊಂಡಿತು ಎಂದು. ನಮ್ಮಕ್ಕನಿಗೆ ಬಯಲೂ ಪಾಲಾಯಿತು ಎಂದು. ಪುಸ್ತಕದವರು ಹೇಳುವುದು ಬರೀ ಮೊದಲನೆಯದನ್ನು.

ನವೆಂಬರ್ 24, ರವಿವಾರ

ಇವತ್ತು ಮನೆಯನ್ನು ನೆಲಕ್ಕೆ ಇಳಿಸಿದೆವು.

ಬಾಚುಪಲ್ಲಿ ಕಡೆ ಹೋಗುವ ದಾರಿಯಿಂದ ಒಳಗೆ, ಪರಿಚಯದವರೊಬ್ಬರ ಖಾಲಿ ಜಾಗ. ಇನ್ನೂ ಬ್ರೇಕರ್ ಯಂತ್ರ ಮುಟ್ಟಿಲ್ಲ. ಹೈದರಾಬಾದಿನ ಮಿಯಾಪುರದ ಸುತ್ತ ಇಂಥ ತುಂಡು ಈಗ ಅಪರೂಪ. ಬಂಡೆ, ಬಂಡೆಯ ಸಂದಿನಲ್ಲಿ ಸೀತಾಫಲದ ಪೊದೆ, ಒಂದು ಬೇವು, ಇಳಿಜಾರಿನ ತುದಿಯಲ್ಲಿ ತಂತಿಬೇಲಿ. ನಮ್ಮ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆ. ರವಿವಾರ ರಜೆ ಹಾಳಾಯಿತೆಂಬ ಮುಖ. ಟೇಪು, ಗೂಟ, ಲೈನ್ ದಾರ, ಸುಣ್ಣದ ಪುಡಿಯ ಚೀಲ.

ಮನೆಯ ಒಳಭಾಗ ಸಪಾಟು ಜಾಗದಲ್ಲಿ ಸಲೀಸಾಗಿ ಬಂತು. ಮೂರು-ನಾಲ್ಕು-ಐದರ ಲೆಕ್ಕದಲ್ಲಿ ಮೂಲೆ ಹಿಡಿದು ಒಂದೊಂದೇ ಗೋಡೆಗೆ ಸುಣ್ಣ ಸುರಿಯುತ್ತ ಹೋದೆವು. ಹುಡುಗಿ ಗೆರೆಗಳ ನಡುವೆ ನಡೆದಾಡಿ ನೋಡಿದಳು. ಕಾಗದದಲ್ಲಿ ಕಾಣದ ಒಂದು ಸಂಗತಿ ಅಲ್ಲಿ ನನಗೂ ಕಂಡಿತು: ಯಾವ ಜಾಗದಲ್ಲಿ ನಿಂತರೂ ಮುಂದಿನ ಜಾಗದ ಒಂದು ತುಣುಕು ಗೋಡೆಯ ತುದಿಯಾಚೆ ಕಾಣುತ್ತಿರುತ್ತದೆ, ಕಾಲು ತಾನಾಗಿ ಅತ್ತ ಹೋಗುತ್ತದೆ. ಬಾಗಿಲು ಬೇಕು ಅನ್ನಿಸುವುದೇ ಇಲ್ಲ. ಈ ಮನುಷ್ಯನಿಗೆ ಕೆಲಸ ಗೊತ್ತಿತ್ತು. ಮೇಸ್ತ್ರಿಯೂ ಗೆರೆ ತುಳಿಯದೆ ಸುತ್ತಿ ಸುತ್ತಿಯೇ ಓಡಾಡುತ್ತಿದ್ದ.

ಆಮೇಲೆ ಹೊರಗೆ ಹೋಗುವ ಗೋಡೆ. ದಾರ ಹಿಡಿದು ಮೇಸ್ತ್ರಿ ಮುಂದೆ, ನಾನು ಹಿಂದೆ. ಸ್ವಲ್ಪ ದೂರಕ್ಕೇ ಒಂದು ಬಂಡೆ ಅಡ್ಡ ಬಂತು, ಆಳೆತ್ತರಕ್ಕೂ ಮೇಲೆ. ಕಿತ್ತಳೆಯ ಸಿಪ್ಪೆ ಸುಲಿದಂತೆ ಅದರ ಮೈಯಿಂದ ಪದರ ಪದರ ಬಿಟ್ಟುಕೊಂಡಿದೆ. ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ಬಿರುಕಿಗೆ ನೀರಿಳಿದು, ಚೌಕ ಚೌಕವಾಗಿದ್ದ ಕಲ್ಲಿನ ಮೂಲೆಗಳೆಲ್ಲ ಸವೆದು ಗುಂಡಾಗುವುದು ಹೀಗೆ. ಈ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಹೈದರಾಬಾದು ನಿಂತಿರುವುದು ಪೂರ್ವ ಧಾರವಾಡ ಕ್ರೇಟಾನಿನ ಮೇಲೆ. ಅಂದರೆ ಭೂಮಿಯ ಅಡಿಪಾಯದಲ್ಲಾದರೂ ನಾವು ಇಲ್ಲಿ ಪರವೂರಿನವರಲ್ಲ. ಬೀದರಿನಲ್ಲಿ ಇದು ಕಾಣಸಿಗದು, ಅಲ್ಲಿ ಮೇಲೆಲ್ಲ ಕೆಂಪು ಜಂಬಿಟ್ಟಿಗೆ ಕಲ್ಲು.

‘ಈಗೇನು ಸಾರ್?’ ಎಂದ ಮೇಸ್ತ್ರಿ ತೆಲುಗಿನಲ್ಲಿ.

ನನಗೆ ಗೊತ್ತಿರುವ ಉತ್ತರ ಒಂದೇ. ಕಂಪ್ರೆಸರ್ ತರಿಸು, ತೂತು ಹಾಕು, ಒಡೆ. ಬಿಲ್ಲಿನಲ್ಲಿ ಮೊರಂ, ಸಾಫ್ಟ್ ರಾಕ್, ಹಾರ್ಡ್ ರಾಕ್ ಎಂದು ಮೂರು ರೇಟು, ಇದು ಮೂರನೆಯದು. ಮೇಸ್ತ್ರಿ ಬೇರೆ ಹೇಳಿದ. ಬಂಡೆಯೇ ಸಿಕ್ಕಿದೆಯಲ್ಲ, ಇಲ್ಲಿ ಗೋಡೆ ಯಾಕೆ, ಬಂಡೆಗೆ ತಂದು ಮುಟ್ಟಿಸಿ ಆ ಕಡೆಯಿಂದ ಮತ್ತೆ ಶುರು ಮಾಡಿದರಾಯಿತು. ಹುಡುಗಿ ಅದನ್ನು ಬರೆದುಕೊಂಡಳು.

ಬಂಡೆ ದಾಟಿದ ಮೇಲೆ ನೆಲ ಇಳಿಯುತ್ತದೆ. ಇಟ್ಟಿಗೆಯ ವರಸೆ ಅಡ್ಡಮಟ್ಟಕ್ಕೇ ಇರಬೇಕು, ಗೋಡೆಯ ತಲೆ ಸಮ ಇರಬೇಕು ಎಂದರೆ ಇಲ್ಲಿ ಮೊಣಕಾಲೆತ್ತರದ ಗೋಡೆ ಬೇಲಿಯ ಹತ್ತಿರ ಹೋಗುವಷ್ಟರಲ್ಲಿ ಎರಡಾಳೆತ್ತರ. ಮೀಸ್ ಚಿತ್ರ ನೆಲದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಅಲ್ಲಿ ನೆಲ ಅಂದರೆ ಬಿಳಿ ಕಾಗದ.

ಬೇಲಿಯ ಹತ್ತಿರ ಸುಣ್ಣ ಮುಗಿಯಿತು. ಚೀಲ ಕೊಡವಿ ಬಿಸಿಲಲ್ಲಿ ಕೂತು ಮಂಡಕ್ಕಿ ತಿಂದು ಬಂದೆವು.

ನವೆಂಬರ್ 26, ಮಂಗಳವಾರ

ಮೊನ್ನೆಯಿಂದ ಆ ಇಳಿಜಾರು ತಲೆಯಲ್ಲಿ ಕೂತಿದೆ. ಇಳಿಜಾರಿಗೆ ಅಡ್ಡವಾಗಿ ಉದ್ದ ಗೋಡೆ ಕಟ್ಟಿದರೆ ಮೊದಲ ಮಳೆಗೇ ಅದು ಮನೆಯ ಗೋಡೆಯಾಗಿ ಉಳಿಯುವುದಿಲ್ಲ, ಕೆರೆಯ ಏರಿ ಆಗುತ್ತದೆ. ಹಿಂದೆ ನೀರು ನಿಲ್ಲುತ್ತದೆ. ಒತ್ತಡಕ್ಕೆ ಒಂಬತ್ತಿಂಚಿನ ಇಟ್ಟಿಗೆ ಎಷ್ಟು ಹೊತ್ತು ನಿಂತೀತು? ನೀರು ಹೋಗಲು ಬುಡದಲ್ಲಿ ಕಂಡಿಗಳನ್ನು ಬಿಡಬೇಕು, ಇಲ್ಲವೇ ಗೋಡೆಯನ್ನು ಇಳಿಜಾರಿನ ಗುಂಟವೇ ಇಳಿಸಬೇಕು.

ದಖ್ಖನಿನವರು ಬಯಲಿನಲ್ಲಿ ಉದ್ದುದ್ದ ಗೋಡೆ ಕಟ್ಟಿದ್ದು ನೀರಿಗಾಗಿ. ಒಂದು ಕೆರೆ ತುಂಬಿದರೆ ಕೋಡಿ ಹರಿದು ಕೆಳಗಿನ ಕೆರೆಗೆ. ಮಿಯಾಪುರದ ಸುತ್ತಮುತ್ತಲೂ ಇದೇ ಸರಪಳಿ ಇತ್ತು, ತುಂಡಾಗಿ ಇನ್ನೂ ಅಲ್ಲಲ್ಲಿ ಇದೆ. ಈಗ ನಮ್ಮ ಕೆಲಸದಲ್ಲಿ ಕೆರೆ ಅಂದರೆ ಎಫ್‌ಟಿಎಲ್, ಪೂರ್ಣ ತುಂಬಿದಾಗಿನ ನೀರಿನ ಗೆರೆ. 2012ರ ಜಿ.ಓ. 168ರ ಪ್ರಕಾರ ಹತ್ತು ಹೆಕ್ಟೇರಿಗಿಂತ ದೊಡ್ಡ ಕೆರೆಯಾದರೆ ಆ ಗೆರೆಯಿಂದ 30 ಮೀಟರ್, ಚಿಕ್ಕದಾದರೆ 9 ಮೀಟರ್ ಬಿಡಬೇಕು. ಈ ವರ್ಷ ಜುಲೈಯಲ್ಲಿ ಕೆರೆ ಒತ್ತುವರಿ ತೆರವು ಮಾಡುವ ಸರ್ಕಾರಿ ಸಂಸ್ಥೆ ಹೈಡ್ರಾ ಬಂದ ಮೇಲೆ ಊರಿನಲ್ಲಿ ಚಹಾದಂಗಡಿಯವನೂ ಎಫ್‌ಟಿಎಲ್ ಮಾತಾಡುತ್ತಾನೆ. ಪ್ಲಾಟಿನ ಗಡಿ, ಸೆಟ್‌ಬ್ಯಾಕ್, ರಸ್ತೆ ಅಗಲೀಕರಣ, ನಾಲೆಯ ಬಫರ್: ಈ ನಾಲ್ಕು ಗೆರೆ ಎಳೆದ ಮೇಲೆ ಉಳಿದ ಚೌಕದಲ್ಲಿ ನಮ್ಮ ಆರ್ಕಿಟೆಕ್ಟರು ಬಿಲ್ಡಿಂಗ್ ಕೂರಿಸುತ್ತಾರೆ. ಗೋಡೆ ಎಲ್ಲಿ ನಿಲ್ಲಬೇಕೆಂದು ಇಲ್ಲಿ ಯಾರೂ ಯೋಚಿಸಬೇಕಾಗಿಲ್ಲ, ಎಲ್ಲ ಮೊದಲೇ ಬರೆದಿಟ್ಟಿದ್ದಾರೆ. ಬರೆದದ್ದು ಒಳ್ಳೆಯದೇ. ಇಲ್ಲದಿದ್ದರೆ ಈ ಊರಿನಲ್ಲಿ ಒಂದು ಕೆರೆಯೂ ಉಳಿಯುತ್ತಿರಲಿಲ್ಲ.

ಡಿಸೆಂಬರ್ 1, ರವಿವಾರ

ತಮಿಳುನಾಡಿನ ಕಡೆ ಚಂಡಮಾರುತ, ಇಲ್ಲಿ ದಿನವಿಡೀ ಮೋಡ. ಹೊರಗೆ ಹೋಗದೆ ಮನೆಯಲ್ಲೇ ಕೂತು ಮಾತು.

ಬಂಡೆಗೆ ಗೋಡೆ ಮುಟ್ಟಿಸುವ ಮೇಸ್ತ್ರಿಯ ಉಪಾಯ ಹೊಸದಲ್ಲ ಎಂದು ಹುಡುಗಿ ಉದಾಹರಣೆ ಹುಡುಕಿಟ್ಟಿದ್ದಾಳೆ. ಒಂದು ಇದೇ ಊರಿನದು. ಬಂಜಾರಾ ಹಿಲ್ಸ್ ಇನ್ನೂ ಬರೀ ಕಲ್ಲುಗುಡ್ಡವಾಗಿದ್ದಾಗ ಅಲ್ಲಿ ಮನೆ ಮಾಡಿದವರು ಮೆಹದಿ ನವಾಜ್ ಜಂಗ್, ನಿಜಾಮರ ಆಡಳಿತದಲ್ಲಿದ್ದ ಅಧಿಕಾರಿ, ಮುಂದೆ 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದವರು. ಬಂಡೆ ಒಡೆಸದೆ ಅವುಗಳನ್ನೇ ಮನೆಯ ಗೋಡೆ ಮಾಡಿಕೊಂಡರು. ಇನ್ನೊಂದು ಶ್ರೀಲಂಕಾದ ಪೊಲೊಂತಲಾವ ಎಸ್ಟೇಟ್ ಬಂಗಲೆ, 1960ರ ದಶಕದ್ದು, ಜೆಫ್ರಿ ಬಾವಾ ಮತ್ತು ಉಲ್ರಿಕ್ ಪ್ಲೆಸ್ನರ್ ಮಾಡಿದ್ದು. ದೈತ್ಯ ಬಂಡೆಗಳ ನಡುವೆ ಕೋಲು, ದಾರ ಹಿಡಿದು ಅಲ್ಲೇ ಗುರುತು ಹಾಕಿದರಂತೆ. ಮಾಡಿನ ತೊಲೆ ಬಂಡೆಯ ಮೇಲೇ ಕೂತಿದೆ. ಫೋಟೋ ನೋಡಿದೆ. ನಮ್ಮ ಮೇಸ್ತ್ರಿಗೂ ತೋರಿಸಬೇಕು.

ಮತ್ತೆ ಮೀಸ್ ಏನು ಮಾಡಿದ? ಅದು ನನಗೆ ಕುತೂಹಲ. ಕಾಗದದಲ್ಲಿ ಗೋಡೆ ಬಿಟ್ಟುಕೊಟ್ಟವನು ಕಟ್ಟುವಾಗ ಏನು ಮಾಡಿದ? ಗೂಬೆನ್ ಪಟ್ಟಣದಲ್ಲಿ ನೈಸೆ ನದಿಯ ಮೇಲಿನ ಇಳಿಜಾರಿನಲ್ಲಿ ವೋಲ್ಫ್ ಮನೆ ಕಟ್ಟಿದ, ಈ ಚಿತ್ರ ಬರೆದ ಎರಡು ಮೂರು ವರ್ಷದಲ್ಲಿ. ಇಟ್ಟಿಗೆಯದೇ. ಅಲ್ಲಿ ಗೋಡೆಗಳು ಇಳಿಜಾರಿನ ಮಟ್ಟ ಹಿಡಿದು ನಿಲ್ಲಿಸುವ ಕಟ್ಟೆಗಳಾಗಿವೆ, ಕೋಣೆಗಳು ಹೆಚ್ಚುಕಡಿಮೆ ಕೋಣೆಗಳೇ. ಯುದ್ಧದ ಕೊನೆಯಲ್ಲಿ ಆ ಮನೆ ನಾಶವಾಯಿತು, ಜಾಗ ಈಗ ಪೋಲೆಂಡಿಗೆ ಸೇರಿದೆ. 1929ರಲ್ಲಿ ಬಾರ್ಸಿಲೋನಾದ ಮಂಟಪ: ಅಲ್ಲಿ ಒಳಗಿನ ಗೋಡೆಗಳು ಇದೇ ಚಿತ್ರದಿಂದ ಇಳಿದುಬಂದ ಹಾಗಿವೆ, ಬಿಡಿಬಿಡಿ, ಜಾಗದಿಂದ ಜಾಗಕ್ಕೆ ಹರಿಯುವಂತೆ. ಆದರೆ ಇಡೀ ಕಟ್ಟಡವನ್ನು ಒಂದು ಕಲ್ಲಿನ ಜಗಲಿಯ ಮೇಲೆ ಎತ್ತಿ ಕೂರಿಸಿದ. ಎರಡೂ ತುದಿಯಲ್ಲಿ ಹೊರಗೋಡೆ ಜಗಲಿಯ ಅಂಚಿನವರೆಗೆ ಹೋಗಿ, ಕೊಳದ ಸುತ್ತ ತಿರುಗಿ, ವಾಪಸು ಬರುತ್ತದೆ. ಒಂದಡಿಯೂ ಹೊರಗೆ ಹೋಗುವುದಿಲ್ಲ. ಮಾರನೇ ವರ್ಷವೇ ಅದನ್ನು ಬಿಚ್ಚಿದರು, 1986ರ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಕಟ್ಟಿ ಮುಗಿಸಿದರು. ಇನ್ನು ಅಮೆರಿಕದ ಫಾರ್ನ್ಸ್‌ವರ್ತ್ ಮನೆಗೆ, 1951ರದ್ದು, ಹೊರಗೋಡೆಯೇ ಇಲ್ಲ, ಬರೀ ಗಾಜು. ಅಲ್ಲಿ ಬಯಲೇ ಒಳಗೆ ಬಂತು: ಫಾಕ್ಸ್ ನದಿಯ ಪ್ರವಾಹ ಒಂದಕ್ಕಿಂತ ಹೆಚ್ಚು ಸಲ ಮನೆಯೊಳಗೆ ನುಗ್ಗಿದೆ.

ಅಂದರೆ ಆತನಿಗೂ ಗೊತ್ತಾಗಿತ್ತು. ಕಟ್ಟುವ ಹೊತ್ತು ಬಂದಾಗಲೆಲ್ಲ ಗೋಡೆಯನ್ನು ಒಂದು ಅಂಚಿಗೆ ತಂದು ನಿಲ್ಲಿಸಿದ. ಹುಡುಗಿ ಇದನ್ನು ಒಪ್ಪುವುದಿಲ್ಲ. ‘ಜಗಲಿ ಅಂದ್ರ ಸೋಲಲ್ಲ ಮಾಮಾ’ ಎನ್ನುತ್ತಾಳೆ. ಸೋಲು ಅಂತ ನಾನೂ ಹೇಳಿಲ್ಲ.

ಡಿಸೆಂಬರ್ 4, ಬುಧವಾರ

ಬೆಳಿಗ್ಗೆ ಏಳೂವರೆಗೆ ಸ್ವಲ್ಪ ಮುಂಚೆ ಭೂಮಿ ಅಲುಗಿತು. ಚಹಾ ಕುಡಿಯುತ್ತಿದ್ದೆ. ಮೊದಲು ತಲೆಸುತ್ತು ಅನ್ನಿಸಿತು, ಆಮೇಲೆ ಆಫ್ ಆಗಿದ್ದ ಫ್ಯಾನು ತೂಗುತ್ತಿರುವುದು ಕಾಣಿಸಿತು. ಹುಡುಗಿ ಮೊದಲು ಓಡಿದ್ದು ಮಾಡೆಲಿನ ಕಡೆಗೆ. ನಾನು ಬೈದು ಅವಳನ್ನೂ ಮನೆಯವಳನ್ನೂ ಮೆಟ್ಟಿಲಿಳಿಸಿದೆ. ಕೆಳಗೆ ಇಡೀ ಅಪಾರ್ಟ್‌ಮೆಂಟು ಸ್ವೆಟರ್ ಹಾಕಿಕೊಂಡು ಸೇರಿತ್ತು. ಮುಲುಗು ಜಿಲ್ಲೆಯಲ್ಲಿ ಕೇಂದ್ರ, 5.3 ತೀವ್ರತೆ ಎಂದು ಆಮೇಲೆ ಟಿವಿಯಲ್ಲಿ ಬಂತು. ಇಲ್ಲಿ ಏನೂ ಹಾನಿಯಿಲ್ಲ. ಸೈಟಿಗೆ ಹೋಗಿ ಕಾಲಂಗಳನ್ನೆಲ್ಲ ಒಂದು ಸುತ್ತು ನೋಡಿ ಬಂದೆ, ನೋಡುವ ಅಗತ್ಯ ಇರಲಿಲ್ಲವಾದರೂ.

ಬೀದರಿನವರಿಗೆ ಭೂಕಂಪ ಅಂದರೆ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕು, ಗಣಪತಿ ಕಳಿಸಿ ಬಂದು ಜನ ಮಲಗಿದ್ದ ಹೊತ್ತು. 6.2 ತೀವ್ರತೆ, ಹತ್ತು ಸಾವಿರದ ಹತ್ತಿರ ಜನ ಸತ್ತರು. ನಾನಾಗ ಕೆಲಸಕ್ಕೆ ಸೇರಿದ ಹೊಸತು. ಹೋಗಿ ನೋಡಿದವನು. ಜನರನ್ನು ಕೊಂದದ್ದು ಗೋಡೆಗಳು. ಎರಡೂವರೆ ಮೂರು ಅಡಿ ದಪ್ಪದ ಕಲ್ಲಿನ ಗೋಡೆ, ಮಣ್ಣಿನ ಗಾರೆ, ಒಳಮೈ ಹೊರಮೈ ಎಂದು ಎರಡು ಸಾಲು ಕಲ್ಲು, ನಡುವೆ ಚೂರು ತುಂಬಿಸಿದ್ದು. ಎರಡು ಸಾಲನ್ನೂ ಹಿಡಿದಿಡುವ ಉದ್ದಗಲ್ಲು ಇಲ್ಲ. ಅಲುಗಿದೊಡನೆ ಗೋಡೆ ಸೀಳಿ ಎರಡಾಗಿ ಒಳಗೊಂದು ಹೊರಗೊಂದು ಬಿತ್ತು, ಮೇಲಿನ ಮಣ್ಣಿನ ಮಾಳಿಗೆ ಮಲಗಿದವರ ಮೇಲೆ. ನೆಟ್ಟಗೆ ಉದ್ದಕ್ಕೆ ಹೋದ ಗೋಡೆಗಳು ಮೊದಲು ಬಿದ್ದಿದ್ದವು. ಮೂಲೆಯ ಹತ್ತಿರ ಅಷ್ಟಿಷ್ಟು ನಿಂತಿತ್ತು, ಎರಡು ಗೋಡೆ ಒಂದನ್ನೊಂದು ಹಿಡಿದುಕೊಂಡಲ್ಲಿ. ಅದಾದ ಮೇಲೆಯೇ ಲಿಂಟಲ್ ಮಟ್ಟಕ್ಕೆ ಸುತ್ತ ಕಬ್ಬಿಣದ ಪಟ್ಟಿ ಹಾಕಬೇಕೆಂಬ ಮಾತು ಹಳ್ಳಿಯ ಗೌಂಡಿಗಳವರೆಗೆ ಬಂದದ್ದು. ಆ ಊರುಗಳಲ್ಲಿ ನಡೆಯುವಾಗ ನಾನು ಕಲಿತದ್ದನ್ನು ಯಾವ ಕಾಲೇಜೂ ಕಲಿಸಿರಲಿಲ್ಲ.

ರಾತ್ರಿ ಮಾಡೆಲ್ ಮುಂದೆ ಕೂತು ಹುಡುಗಿಗೆ ಇಷ್ಟೇ ಹೇಳಿದೆ: ಒಳಗಿನ ಗೋಡೆಗಳು ಪರವಾಗಿಲ್ಲ, ಮೂಲೆ ತಿರುಗಿವೆ, ಅಡ್ಡಗೋಡೆ ಹಿಡಿದಿವೆ, ಮೇಲೆ ಸ್ಲ್ಯಾಬಿನ ಭಾರ ಇದೆ. ಹೊರಗೆ ಹೋಗುವ ಮೂರು ಮಾತ್ರ ಏನೂ ಆಸರೆಯಿಲ್ಲದೆ ನಿಂತಿವೆ. ನಾವು ಕಾಂಪೌಂಡ್ ಕಟ್ಟುವಾಗ ಹತ್ತು ಅಡಿಗೊಂದು ಪಿಲ್ಲರ್ ಕೊಡುತ್ತೇವೆ. ಅವಳು ಪಿಲ್ಲರ್ ಬೇಡ ಎನ್ನುತ್ತಾಳೆಂದು ಗೊತ್ತಿತ್ತು. ‘ಬಂಡಿ ಇರ್ತಾವಲ್ಲ ಮಾಮಾ ನಡುನಡುವ’ ಎಂದಳು. ಹೌದಲ್ಲ. ಬಂಡೆಗೆ ತೂತು ಕೊರೆದು, ಸರಳು ನಿಲ್ಲಿಸಿ, ಗ್ರೌಟ್ ಹಾಕಿ ಗೋಡೆಯನ್ನು ಅದಕ್ಕೆ ಕಟ್ಟಿಬಿಟ್ಟರೆ ಅದೇ ಪಿಲ್ಲರ್. ಬಂಡೆಯಿಂದ ಬಂಡೆಗೆ ಎಷ್ಟು ದೂರವೋ ಅಷ್ಟೇ ಗೋಡೆ. ಹೀಗಾದರೆ ಗೋಡೆ ನೆಟ್ಟಗೆ ಹೋಗುವುದಿಲ್ಲ, ಬಂಡೆ ಇದ್ದಲ್ಲಿಗೆ ಸೊಟ್ಟ ಹೋಗುತ್ತದೆ. ಮೀಸ್ ಇದನ್ನು ನೋಡಿದ್ದರೆ ಸಿಗಾರ್ ಕೆಳಗಿಟ್ಟು ಎದ್ದು ಹೋಗುತ್ತಿದ್ದ.

ಡಿಸೆಂಬರ್ 8, ರವಿವಾರ

ಪ್ಲೈವುಡ್ಡಿನ ಬೇಸ್ ಬಂತು. ಆ ಖಾಲಿ ಜಾಗದ ಇಳಿಜಾರನ್ನು ಕಾರ್ಕ್ ಹಾಳೆಗಳ ಪದರದಲ್ಲಿ ಎಬ್ಬಿಸಿದ್ದಾಳೆ. ಬಂಡೆಗಳಿಗೆ ನಿಜವಾದ ಗ್ರಾನೈಟ್ ಚೂರು, ಸೈಟಿನಿಂದ ನಾನೇ ತಂದದ್ದು. ಎರಡು ಹೊರಗೋಡೆಗಳು ಬಂಡೆ ಬಂಡೆ ಹಿಡಿದು ಹೋಗಿ, ಒಂದು ಬೇವಿನ ಮರದ ಹತ್ತಿರ, ಇನ್ನೊಂದು ನೀರು ಹರಿಯುವ ತಗ್ಗಿಗೆ ಮುಂಚೆ ನಿಲ್ಲುತ್ತವೆ. ಮೂರನೆಯದನ್ನು ಅವಳು ಮೀಸ್ ಬರೆದ ಹಾಗೆಯೇ ನೆಟ್ಟಗೆ ಬಿಟ್ಟಿದ್ದಾಳೆ. ಅದು ಬೇಸಿನ ಅಂಚಿಗೆ ಬಂದು ಕತ್ತರಿಸಿದಂತೆ ನಿಲ್ಲುತ್ತದೆ, ಆಚೆ ತಂತಿಬೇಲಿ. ಯಾಕೆ ಹೀಗೆ ಎಂದರೆ ‘ಅಲ್ಲಿ ನಮ್ಮ ಜಾಗ ಮುಗೀತು’ ಎಂದಳು. ವಾದಕ್ಕೆ ಸಿಗದ ಉತ್ತರ.

ಬಂಡೆಗಳಿಗೆ ಒಂದೊಂದು ಅಂಕಿ ಹಾಕಿ ನಕ್ಷೆಯಲ್ಲಿ ಗುರುತಿಸಿದ್ದಾಳೆ. ಹಾಗೆ ಮಾಡುವುದನ್ನು ಸೊಸೈಟಿ ಟು ಸೇವ್ ರಾಕ್ಸ್‌ನವರ ನಡಿಗೆಗೆ ಹೋದಾಗ ಕಲಿತಳಂತೆ. 1996ರಿಂದ ಈ ಊರಿನ ಬಂಡೆಗಳ ಪರವಾಗಿ ಮಾತಾಡುತ್ತ ಬಂದ ಸಂಘ ಅದು. ನಮ್ಮ ಕಂಪನಿಯ ಸರ್ವೆ ಡ್ರಾಯಿಂಗಿನಲ್ಲೂ ಬಂಡೆಗಳಿಗೆ ಅಂಕಿ ಇರುತ್ತದೆ. ನಾವು ಹಾಕುವುದು ಘನ ಮೀಟರಿನ ಲೆಕ್ಕಕ್ಕೆ, ಒಡೆಯುವ ಮುಂಚೆ.

ಮನೆಯವಳು ಕೇಳಿದ ಪ್ರಶ್ನೆ ಬೇರೆ: ಮೇಜು ಯಾವಾಗ ಖಾಲಿಯಾಗುತ್ತದೆ.

ಡಿಸೆಂಬರ್ 14, ಶನಿವಾರ

ಜ್ಯೂರಿ ಮುಗಿಯಿತು. ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡದೆ ಹೇಳಲು ಶುರು ಮಾಡಿದಳು. ಹೊರಗಿನಿಂದ ಬಂದ ಒಬ್ಬ ಹಿರಿಯರು ಸೊಟ್ಟ ಗೋಡೆಗಳನ್ನು ನೋಡಿ, ಇದು ಮೀಸ್ ಮನೆಯೇ ಅಲ್ಲ, ಆತನ ಇಡೀ ವಿಚಾರ ನೇರ ಗೆರೆಯಲ್ಲಿದೆ, ಅದನ್ನೇ ತೆಗೆದುಬಿಟ್ಟಿದ್ದೀಯ ಎಂದರಂತೆ. ಇನ್ನೊಬ್ಬರು ಮೂರನೇ ಗೋಡೆಯನ್ನೇ ಹಿಡಿದು, ಇದೊಂದೇ ಮೀಸ್, ಉಳಿದೆರಡು ಯಾರವು ಎಂದು ಕೇಳಿದರಂತೆ. ‘ಒಂದು ನಮ್ಮ ಮೇಸ್ತ್ರಿದು, ಒಂದು ನಮ್ಮ ಮಾಮಾಂದು ಅಂದೆ’ ಎಂದಳು. ಜ್ಯೂರಿಯವರು ನಕ್ಕರಂತೆ. ನಾನು ಮೊದಲನೆಯವರ ಪಕ್ಷ. ಅವರು ಹೇಳಿದ್ದು ಸರಿ, ಆ ನೇರ ಗೆರೆ ಹೋದರೆ ಆ ಮನೆಯಲ್ಲಿ ಉಳಿಯುವುದು ಅರ್ಧ ಮಾತ್ರ. ಆದರೆ ಮುಲುಗು ಅಲುಗಿದ ದಿನ ಅವರು ನಮ್ಮ ಮನೆಯಲ್ಲಿರಲಿಲ್ಲ.

ಮುಂದಿನ ಸೆಮಿಸ್ಟರಿಗೆ ಆಗಲೇ ಮತ್ತೊಂದು ಕಟ್ಟದ ಮನೆ ಗುರುತು ಮಾಡಿದ್ದಾಳೆ: ಫ್ರೆಡರಿಕ್ ಕೀಸ್ಲರ್‌ನ ‘ಎಂಡ್‌ಲೆಸ್ ಹೌಸ್’. 1960ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಮಾಡೆಲ್ ತೋರಿಸಿದ್ದರು. ಅದರಲ್ಲಿ ಗೋಡೆ ಯಾವುದು, ನೆಲ ಯಾವುದು, ಮಾಡು ಯಾವುದು ಎಂದು ಬೇರೆ ಮಾಡಲಾಗದು, ಒಂದೇ ಗುಹೆಯ ಹಾಗೆ ತಿರುಗಿ ತಿರುಗಿ ಕೂಡಿಕೊಂಡಿದೆ. ತಂತಿಜಾಲರಿ ಬಗ್ಗಿಸಿ ಮೇಲೆ ಸಿಮೆಂಟ್ ಮೆತ್ತಿ ಮಾಡಿದ ಮಾಡೆಲ್. ಜಾಲರಿ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಬ್ಲಾಕ್ ಗೋಡೆ ಕಾಲಂಗೆ ಸೇರುವ ಜೋಡಿನಲ್ಲಿ ಪ್ಲಾಸ್ಟರ್ ಬಿರುಕು ಬಿಡದಂತೆ ನಾವು ಚಿಕನ್ ಮೆಶ್ ಹಾಕುತ್ತೇವೆ. ಕ್ಲಬ್ ಹೌಸ್ ಕೆಲಸಕ್ಕೆ ತರಿಸಿದ್ದರಲ್ಲಿ ಕತ್ತರಿಸಿ ಉಳಿದ ತುಂಡುಗಳು ಸ್ಟೋರಿನಲ್ಲಿ ಬಿದ್ದಿವೆ. ಸೋಮವಾರ ಸ್ಟೋರ್‌ಕೀಪರನ್ನು ಕೇಳಿ ತರಬೇಕು. ಮೇಜಿನ ವಿಷಯ ಮನೆಯವಳಿಗೆ ಇನ್ನೂ ಹೇಳಿಲ್ಲ.